ಗೋಡಂಬಿ ಚಾಕೊಲೇಟ್ ಐಸ್‌ಕ್ರೀಮ್ ಕೈಕೊಟ್ಟರೆ: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಹಾಲಿಲ್ಲದ ಐಸ್‌ಕ್ರೀಮ್ ಸರಿಬರದಿದ್ದರೆ ಬೈಗುಳ ಮೊದಲು ಬೀಳುವುದು ಯಂತ್ರಕ್ಕೆ. ಯಂತ್ರ ಇಲ್ಲದ ಮನೆಯಲ್ಲಿ, ಅದು ಇಲ್ಲದಿರುವುದಕ್ಕೆ. ಆದರೆ ತಪ್ಪು ಅಲ್ಲಿರುವುದು ಅಪರೂಪ. ಐಸ್‌ಕ್ರೀಮಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಹಾಲಿನ ಐಸ್‌ಕ್ರೀಮಿನಲ್ಲಿ ಆ ನೀರನ್ನು ಹಿಡಿದಿಡಲು ಹಾಲಿನ ಪ್ರೋಟೀನು, ಕೆನೆ ಇರುತ್ತವೆ. ಇಲ್ಲಿ ಆ ಕೆಲಸ ಗೋಡಂಬಿಯ ಪಿಷ್ಟ, ಅದರ ಜಿಡ್ಡು, ಸಕ್ಕರೆ ಈ ಮೂರರ ಮೇಲೆ ಬೀಳುತ್ತದೆ. ಇವುಗಳಲ್ಲಿ ಯಾವುದು ಕೆಲಸ ಮಾಡಲಿಲ್ಲ ಎಂಬುದನ್ನು ನಾಲಿಗೆ, ಚಮಚ, ತಟ್ಟೆ ಇಷ್ಟರಿಂದಲೇ ಬಹುಪಾಲು ಪತ್ತೆಹಚ್ಚಬಹುದು.

ಹೋಲಿಸಿ ನೋಡಲು ಒಂದು ಅಳತೆ ಬೇಕು. ಗೋಡಂಬಿ 150 ಗ್ರಾಂ, ನೀರು 450 ಮಿಲಿ, ಸಕ್ಕರೆ 130 ಗ್ರಾಂ, ಕೋಕೋ ಪುಡಿ 40 ಗ್ರಾಂ, ಚಿಟಿಕೆ ಉಪ್ಪು. ಗೋಡಂಬಿ ನಾಲ್ಕು ಗಂಟೆ ನೆನೆಸಿ ನುಣ್ಣಗೆ ರುಬ್ಬಬೇಕು, ಎಲ್ಲ ಸೇರಿಸಿ ಸಣ್ಣ ಉರಿಯಲ್ಲಿ ಮಂದವಾಗುವ ತನಕ ಕೈಯಾಡಿಸಬೇಕು, ಆರಿಸಿ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು ಆಮೇಲೆ ಕಡೆಯಬೇಕು. ಯಂತ್ರವಿಲ್ಲದವರು ಐಸ್ ಟ್ರೇಯಲ್ಲಿ ಗಡ್ಡೆ ಕಟ್ಟಿಸಿ ಮಿಕ್ಸಿಯಲ್ಲಿ ತಿರುಗಿಸಬಹುದು. ನಿಮ್ಮ ಅಳತೆ ಇದಕ್ಕಿಂತ ತುಂಬಾ ದೂರವಿದ್ದರೆ ಉತ್ತರ ಅಲ್ಲೇ ಸಿಕ್ಕೀತು. ತುಂಡು ಗೋಡಂಬಿ ಸಾಕು. ಹೇಗೂ ರುಬ್ಬುವುದೇ, ಇಡೀ ಬೀಜಕ್ಕೆ ದುಡ್ಡು ಸುರಿಯಬೇಕಿಲ್ಲ.

ಬಾಯಲ್ಲಿ ತರಿತರಿ, ಮರಳು ಮರಳು

ಹೆಚ್ಚಿನವರ ದೂರು ಇದೇ. ಹೆಚ್ಚಿನವರು ತಪ್ಪು ಮದ್ದು ಮಾಡುವುದೂ ಇದಕ್ಕೇ. ಹಾಲಿನ ಐಸ್‌ಕ್ರೀಮಿಗೆ ಬರೆದ ಸಲಹೆಯಲ್ಲಿ ಮರಳು ಎಂದರೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಹರಳುಗಟ್ಟಿರುವುದು ಎಂದಿರುತ್ತದೆ. ಗೋಡಂಬಿಯಲ್ಲಿ ಲ್ಯಾಕ್ಟೋಸ್ ಇಲ್ಲವೇ ಇಲ್ಲ. ಆ ಸಲಹೆ ಇಲ್ಲಿ ನಡೆಯುವುದಿಲ್ಲ.

ಮೊದಲ ಪರೀಕ್ಷೆಗೆ ಖರ್ಚಿಲ್ಲ. ಅರ್ಧ ಚಮಚ ಬಾಯಿಗಿಟ್ಟು, ಅಗಿಯದೆ, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿಯಿರಿ. ತರಿ ಕೆಲವೇ ಕ್ಷಣದಲ್ಲಿ ತಣ್ಣಗೆ ಕರಗಿ ಮಾಯವಾದರೆ ಅದು ಮಂಜಿನ ಹರಳು. ಐಸ್‌ಕ್ರೀಮೆಲ್ಲ ಕರಗಿ ನೀರಾದ ಮೇಲೂ ತರಿ ಉಳಿದರೆ ಅದು ಗೋಡಂಬಿ, ಇಲ್ಲವೇ ಕೋಕೋ. ಸಂಶಯವಿದ್ದರೆ ಒಂದು ಚಮಚ ತಟ್ಟೆಗೆ ಹಾಕಿ, ಪೂರ್ತಿ ಕರಗಿದ ಮೇಲೆ ಎರಡು ಬೆರಳ ನಡುವೆ ಉಜ್ಜಿ ನೋಡಿ.

ಕರಗದೆ ಉಳಿದ ತರಿ ಬೆಳ್ಳಗೆ, ಮೆತ್ತಗಿದ್ದರೆ ರುಬ್ಬುವುದು ಸಾಲದು. ಮಿಕ್ಸಿಯ ದೊಡ್ಡ ಜಾರಿನಲ್ಲಿ ಒಂದೇ ಸಲ ನೀರೆಲ್ಲ ಸುರಿದು ತಿರುಗಿಸಿದರೆ ಬೀಜ ಬ್ಲೇಡಿಗೆ ಸಿಗದೆ ಸುತ್ತುತ್ತಲೇ ಇರುತ್ತದೆ. ಚಟ್ನಿ ಜಾರಿನಲ್ಲಿ, ಬೀಜ ಮುಳುಗುವಷ್ಟು ಮಾತ್ರ ನೀರು ಹಾಕಿ ಬೆಣ್ಣೆಯ ಹದಕ್ಕೆ ಬರುವವರೆಗೆ ರುಬ್ಬಿ, ಉಳಿದ ನೀರು ಆಮೇಲೆ. ನಡುನಡುವೆ ನಿಲ್ಲಿಸಿ ಜಾರಿನ ಬದಿಗೆ ಅಂಟಿದ್ದನ್ನು ಕೆಳಗೆ ತಳ್ಳಿ. ನೆನೆಸಲು ಹೊತ್ತಿಲ್ಲದಿದ್ದರೆ ಕಾಲು ಗಂಟೆ ಬೇಯಿಸಿದರೂ ಆಯಿತು. ಮನೆಯಲ್ಲಿ ಇಡ್ಲಿ ಹಿಟ್ಟು ರುಬ್ಬುವ ಕಲ್ಲಿನ ಗ್ರೈಂಡರ್ ಇದ್ದರೆ ಅರ್ಧ ಗಂಟೆ ಅದರಲ್ಲಿ ಬಿಡಿ. ಮಿಕ್ಸಿ ಅದರ ಹತ್ತಿರಕ್ಕೂ ಬರುವುದಿಲ್ಲ. ಹೊರದೇಶಗಳಲ್ಲಿ ಸಣ್ಣ ಪ್ರಮಾಣದಲ್ಲಿ ಚಾಕೊಲೇಟ್ ಮಾಡುವವರು ಕೋಕೋ ಬೀಜ ಅರೆಯಲು ನಮ್ಮ ದಕ್ಷಿಣದ ಇದೇ ಬಗೆಯ ಕಲ್ಲಿನ ಗ್ರೈಂಡರುಗಳನ್ನು ಬಳಸುತ್ತಾರೆ.

ಇನ್ನೊಂದು ಮಾತು: ತರಿ ಬಂತೆಂದು ಬಟ್ಟೆಯಲ್ಲಿ ಸೋಸಬೇಡಿ. ಹಿಂಡಿ ಬಿಸಾಡುವ ಚರಟದಲ್ಲೇ ಐಸ್‌ಕ್ರೀಮಿಗೆ ಮೈಕೊಡುವ ಅಂಶವೆಲ್ಲ ಹೋಗುತ್ತದೆ. ತರಿ ಹೋಗಿ ಮಂಜು ಬರುತ್ತದೆ.

ಉಳಿದ ತರಿ ಕಂದು ಬಣ್ಣದ್ದು, ಪುಡಿಪುಡಿ, ನಾಲಿಗೆ ಒಣಗಿಸುವಂಥದ್ದಾದರೆ ಅದು ಬೇಯದ ಕೋಕೋ. ಕೋಕೋ ತಣ್ಣನೆಯ ನೀರಿನಲ್ಲಿ ಕರಗಿದಂತೆ ಕಂಡರೂ ಕರಗಿರುವುದಿಲ್ಲ. ಅದನ್ನು ಸಕ್ಕರೆಯ ಜೊತೆ ಒಣದಾಗಿ ಬೆರೆಸಿ, ಸ್ವಲ್ಪವೇ ಬಿಸಿನೀರು ಹಾಕಿ ಗಂಟಿಲ್ಲದಂತೆ ಕಲಸಿ, ಎರಡು ಮೂರು ನಿಮಿಷ ಸಣ್ಣಗೆ ಕುದಿಸಬೇಕು. ತರಿ ಹೋಗುವುದರ ಜೊತೆಗೆ ಚಾಕೊಲೇಟಿನ ಪರಿಮಳ ಬಿಚ್ಚಿಕೊಳ್ಳುವುದೂ ಆಗಲೇ.

ಇನ್ನು ನಾಲಿಗೆಯ ಮೇಲೆ ಕರಗುವ ತರಿ, ಅಂದರೆ ಮಂಜು. ಇದಕ್ಕೆ ಕಾರಣಗಳನ್ನು ಈ ಕ್ರಮದಲ್ಲಿ ನೋಡುತ್ತ ಹೋಗಿ.

ಹೊಸದಾಗಿ ಮಾಡಿದ ದಿನ ನಯವಾಗಿತ್ತು, ವಾರದ ಮೇಲೆ ತರಿಯಾಯಿತು ಎಂದರೆ ಮಿಶ್ರಣದ್ದಲ್ಲ, ಶೇಖರಣೆಯ ತೊಂದರೆ. ಕರೆಂಟು ಹೋಗಿ ಬಂದಾಗ, ಫ್ರೀಜರಿನ ಬಾಗಿಲು ಪದೇಪದೇ ತೆರೆದಾಗ ಸಣ್ಣ ಹರಳುಗಳು ಕರಗಿ ದೊಡ್ಡವಕ್ಕೆ ಸೇರಿಕೊಳ್ಳುತ್ತವೆ. ಡಬ್ಬಿಯನ್ನು ಬಾಗಿಲಿನಿಂದ ದೂರ, ಒಳಗಡೆ ಇಡಿ. ಮೇಲ್ಮೈಗೆ ತಾಗುವಂತೆ ಬೆಣ್ಣೆ ಕಾಗದ ಮುಚ್ಚಿ.

ಮೊದಲ ದಿನವೇ ತರಿ ಇದ್ದರೆ ಹೆಪ್ಪುಗಟ್ಟಲು ತಡವಾಗಿದೆ. ನಿಧಾನಕ್ಕೆ ಹೆಪ್ಪುಗಟ್ಟಿದಷ್ಟೂ ಹರಳು ದೊಡ್ಡದು. ಆಳದ ಪ್ಲಾಸ್ಟಿಕ್ ಡಬ್ಬಿ ಬಿಟ್ಟು ಅಗಲವಾದ ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ಹರಡಿ ಇಡಿ. ಮಿಶ್ರಣ ಬೆಚ್ಚಗಿರುವಾಗಲೇ ಇಡಬೇಡಿ. ಫ್ರಿಜ್‌ನಲ್ಲಿ ಪೂರ್ತಿ ತಣಿದ ಮೇಲೆ ಇಡಿ.

ಅದೂ ಸರಿಯಿದ್ದರೆ ತಟ್ಟೆ ಪರೀಕ್ಷೆ ಮಾಡಿ. ಒಂದು ಚಮಚ ಐಸ್‌ಕ್ರೀಮ್ ತಟ್ಟೆಯಲ್ಲಿಟ್ಟು ಹತ್ತು ನಿಮಿಷ ಬಿಡಿ. ಒಂದೇ ಸಮನಾದ ಮಂದ ದ್ರವವಾಗಿ ಹರಡಿದರೆ ಒಳ್ಳೆಯದು. ಸುತ್ತ ತಿಳಿನೀರು, ನಡುವೆ ಕಂದು ಮುದ್ದೆ ಉಳಿದರೆ ಪಿಷ್ಟ ಬೆಂದಿಲ್ಲ. ಗೋಡಂಬಿಯಲ್ಲಿ ಸುಮಾರು ಐದನೇ ಒಂದು ಪಾಲು ಪಿಷ್ಟ. ಬಿಸಿಯಾದಾಗ ಮಾತ್ರ ಅದು ಉಬ್ಬಿ ನೀರನ್ನು ಹಿಡಿದುಕೊಳ್ಳುತ್ತದೆ. ಮಿಶ್ರಣ ಚಮಚದ ಬೆನ್ನಿಗೆ ಅಂಟಿ, ಬೆರಳಿನಿಂದ ಗೆರೆ ಎಳೆದರೆ ಗೆರೆ ಹಾಗೇ ನಿಲ್ಲುವವರೆಗೆ ಕಾಯಿಸಬೇಕು. ಹಸಿಯಾಗಿ ರುಬ್ಬಿ ಹಾಗೇ ಫ್ರೀಜರಿಗೆ ಇಡುವ ಪಾಕವಿಧಾನಗಳು ಎಲ್ಲೆಲ್ಲೂ ಇವೆ. ಅವು ಕೈಕೊಡುವುದು ಇಲ್ಲೇ. ಬಾದಾಮಿಯಲ್ಲಿ ಪಿಷ್ಟ ತೀರ ಕಡಿಮೆ. ಹಾಗಾಗಿ ದುಬಾರಿಯಾದ ಬಾದಾಮಿ ಹಾಲು ಇಲ್ಲಿ ಗೋಡಂಬಿಗಿಂತ ಕಳಪೆ. ಬಾದಾಮಿಯೇ ಬೇಕೆಂದರೆ ಒಂದು ಸಣ್ಣ ಚಮಚ ಕಾರ್ನ್‌ಫ್ಲೋರ್ ತಣ್ಣೀರಲ್ಲಿ ಕದಡಿ ಸೇರಿಸಿ ಕಾಯಿಸಿ.

ಕಲ್ಲಿನಂತೆ ಗಟ್ಟಿ, ಚಮಚ ಇಳಿಯುವುದಿಲ್ಲ

ಮೊದಲು ಹೊರಗಿಟ್ಟು ಕಾಯಿರಿ, ಹತ್ತು ಹದಿನೈದು ನಿಮಿಷ. ಒಳ್ಳೆಯ ಫ್ರೀಜರ್ ಮೈನಸ್ 18 ಡಿಗ್ರಿಯಲ್ಲಿರುತ್ತದೆ, ತಿನ್ನಲು ಹದವಾದದ್ದು ಮೈನಸ್ 12ರ ಆಸುಪಾಸು. ಅಂಗಡಿಯ ಐಸ್‌ಕ್ರೀಮ್ ಮೆತ್ತಗಿರುವುದು ಮುಖ್ಯವಾಗಿ ಅದರಲ್ಲಿರುವ ಗಾಳಿಯಿಂದ. ಮನೆಯದ್ದಕ್ಕೆ ಅಷ್ಟು ಗಾಳಿ ಸೇರುವುದಿಲ್ಲ, ಅದು ದೋಷವೂ ಅಲ್ಲ. ಕಾದ ಮೇಲೆ ಚಮಚ ಸಲೀಸಾಗಿ ಇಳಿದರೆ ಏನೂ ಮಾಡಬೇಕಿಲ್ಲ.

ಕಾದರೂ ಹೊರಗೆ ನೀರು, ಒಳಗೆ ಬಂಡೆ ಎನ್ನುವಂತಿದ್ದರೆ ಸಕ್ಕರೆ ಕಡಿಮೆ. ಐಸ್‌ಕ್ರೀಮಿನಲ್ಲಿ ಸಕ್ಕರೆ ಬರೀ ಸಿಹಿಗಲ್ಲ, ನೀರೆಲ್ಲ ಮಂಜಾಗದಂತೆ ತಡೆಯುವುದೂ ಅದೇ. ಆರೋಗ್ಯಕ್ಕೆಂದು ಅರ್ಧ ಇಳಿಸಿದರೆ, ಅಥವಾ ಮಧುಮೇಹದವರಿಗೆಂದು ಸಿಹಿಗುಳಿಗೆ ಹಾಕಿದರೆ ಸಿಹಿ ಬಂದೀತು, ಮೆದು ಬಾರದು. ಸಿಹಿಗುಳಿಗೆ ಹಾಕುವುದು ಮಿಲಿಗ್ರಾಂ ಲೆಕ್ಕದಲ್ಲಿ, ಅಷ್ಟರಿಂದ ನೀರಿಗೆ ಏನೂ ಆಗುವುದಿಲ್ಲ. ಅಂಥವರಿಗೆ ಬೇರೆ ದಾರಿಯಿದೆ: ಸಣ್ಣ ಅಚ್ಚಿನಲ್ಲಿ ಕ್ಯಾಂಡಿಯಾಗಿ ಮಾಡಿಕೊಡಿ, ಗಟ್ಟಿಯಾಗಿದ್ದರೇ ಚೆಂದ.

ಸಿಹಿ ಸಾಕು, ಮೆದು ಮಾತ್ರ ಬೇಕು ಎಂದರೆ ಸಕ್ಕರೆಯ ಕಾಲುಭಾಗಕ್ಕೆ ಬದಲಾಗಿ ಗ್ಲೂಕೋಸ್ ಪುಡಿ ಹಾಕಿ. ತೂಕಕ್ಕೆ ತೂಕ ಹೋಲಿಸಿದರೆ ಅದು ಸಕ್ಕರೆಗಿಂತ ಹೆಚ್ಚುಕಡಿಮೆ ಎರಡರಷ್ಟು ಮೆದು ಮಾಡುತ್ತದೆ, ಸಿಹಿ ಮಾತ್ರ ಕಡಿಮೆ. ನಿಂಬೆ, ಕಿತ್ತಳೆ ರುಚಿಯದ್ದನ್ನು ತರಬೇಡಿ. ಬೆಲ್ಲವೂ ಕೊಂಚ ಮೆದು ತರುತ್ತದೆ, ಆದರೆ ಕೋಕೋ ಪರಿಮಳವನ್ನು ಮುಚ್ಚಿಬಿಡುತ್ತದೆ.

ಗಟ್ಟಿಯ ಜೊತೆಗೆ ಮೇಣದಂಥ ರುಚಿ, ಅಂಗುಳಕ್ಕೆ ಜಿಡ್ಡಿನ ಪದರ ಅಂಟಿದಂತೆ ಅನಿಸಿದರೆ ತೆಂಗಿನ ಹಾಲು ಅಥವಾ ಕೊಬ್ಬರಿ ಎಣ್ಣೆ ಹೆಚ್ಚಾಗಿದೆ. ಕೊಬ್ಬರಿ ಎಣ್ಣೆ ಚಳಿಗಾಲದ ಬೆಳಿಗ್ಗೆ ಸೀಸೆಯಲ್ಲೇ ಗಡ್ಡೆ ಕಟ್ಟುವುದು ಎಲ್ಲರಿಗೂ ಗೊತ್ತು, ಫ್ರೀಜರಿನಲ್ಲಿ ಕೇಳಬೇಕೇ? ಗೋಡಂಬಿಯ ಎಣ್ಣೆ ಕೋಣೆಯ ಬಿಸಿಯಲ್ಲಿ ದ್ರವವಾಗೇ ಇರುತ್ತದೆ, ಹೆಪ್ಪುಗಟ್ಟಿದರೂ ಅಷ್ಟು ಬಿಗಿಯುವುದಿಲ್ಲ. ಚಾಕೊಲೇಟಿಗೆ ತೆಂಗಿನ ಹಾಲು ಬೆರೆಸುವುದು ನನಗಂತೂ ಬೇಡದ ಕೆಲಸ. ಬೆರೆಸಲೇಬೇಕೆಂದರೆ ನೀರಿನ ಕಾಲುಭಾಗ ಮೀರದಿರಲಿ.

ಸರಿಪಡಿಸಲು ಹೊಸದಾಗಿ ಮಾಡಬೇಕಿಲ್ಲ. ಫ್ರಿಜ್‌ನ ಕೆಳಭಾಗದಲ್ಲೇ ಕರಗಿಸಿ, ಬೇಕಾದ್ದನ್ನು ಸೇರಿಸಿ, ಒಂದು ಕುದಿ ಬರಿಸಿ, ತಣಿಸಿ, ಮತ್ತೆ ಕಡೆಯಿರಿ.

ಎಷ್ಟು ಹೊತ್ತಾದರೂ ಗಟ್ಟಿಯಾಗುವುದೇ ಇಲ್ಲ

ಮೊದಲು ಅಳತೆ ನೋಡಿಕೊಳ್ಳಿ. ಸಕ್ಕರೆ, ಗ್ಲೂಕೋಸ್, ಖರ್ಜೂರ, ಕರಗಿಸಿದ ಚಾಕೊಲೇಟ್, ಜೊತೆಗೆ ದೊಡ್ಡವರ ಪಾಲಿಗೆಂದು ಸೇರಿಸಿದ ರಮ್, ಇವೆಲ್ಲ ಒಟ್ಟುಸೇರಿದರೆ ಎಷ್ಟು ಚಳಿಯಿದ್ದರೂ ಪಾಯಸವೇ.

ಬಟ್ಟಲು ಮಾದರಿಯ ಯಂತ್ರವಾದರೆ ಬಟ್ಟಲನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ದ್ರವ ಕುಲುಕುವ ಸದ್ದು ಬಂದರೆ ಅದು ತಣಿದಿಲ್ಲ. ಇಡೀ ಒಂದು ದಿನ ಫ್ರೀಜರಿನಲ್ಲಿರಬೇಕು. ಐಸು ಉಪ್ಪಿನ ಕೈಯಂತ್ರವಾದರೆ ಉಪ್ಪು ಕಡಿಮೆ ಹಾಕಿರುತ್ತೀರಿ: ತೂಕದಲ್ಲಿ ನಾಲ್ಕು ಪಾಲು ಪುಡಿ ಐಸಿಗೆ ಒಂದು ಪಾಲು ಕಲ್ಲುಪ್ಪು ಬೇಕು. ಆ ಉಪ್ಪುನೀರು ಮೈನಸ್ 10ಕ್ಕಿಂತ ಕೆಳಗಿಳಿಯಬಲ್ಲದು. ಬರಿಗೈಯಲ್ಲಿ ಅದನ್ನು ಕಲಕಬೇಡಿ, ಮಕ್ಕಳನ್ನೂ ಬಿಡಬೇಡಿ. ಸುಟ್ಟ ಗಾಯದಂಥದ್ದೇ ಗಾಯವಾಗುತ್ತದೆ. ಐಸ್‌ಕ್ರೀಮ್ ಉಪ್ಪುಪ್ಪಾಗಿದ್ದರೂ ಮೂಲ ಇಲ್ಲೇ: ಉಪ್ಪುನೀರಿನ ಮಟ್ಟ ಡಬ್ಬಿಯ ಮುಚ್ಚಳ ಮುಟ್ಟಿದೆ.

ಇವೆರಡೂ ಸರಿಯಿದ್ದರೆ ಸಂಶಯ ಫ್ರೀಜರಿನ ಮೇಲೆ. ಒಂದೇ ಬಾಗಿಲಿನ ಫ್ರಿಜ್‌ಗಳಲ್ಲಿ ಮೇಲಿನ ಪೆಟ್ಟಿಗೆ ಐಸು ಕಟ್ಟುತ್ತದೆ ಎಂದ ಮಾತ್ರಕ್ಕೆ ಮೈನಸ್ 18 ಇದೆ ಎಂದಲ್ಲ. ಐಸು ಸೊನ್ನೆಯಲ್ಲೇ ಕಟ್ಟುತ್ತದಲ್ಲ. ಥರ್ಮಾಮೀಟರ್ ಇಲ್ಲದೆ ಅಳೆಯುವ ಉಪಾಯ ಇದು. ಎರಡು ಲೋಟ ತೆಗೆದುಕೊಂಡು ಎರಡಕ್ಕೂ 100 ಮಿಲಿ ನೀರು ಹಾಕಿ. ಒಂದಕ್ಕೆ 10 ಗ್ರಾಂ, ಇನ್ನೊಂದಕ್ಕೆ 20 ಗ್ರಾಂ ಉಪ್ಪು ಪೂರ್ತಿ ಕರಗಿಸಿ, ರಾತ್ರಿ ಫ್ರೀಜರಿನಲ್ಲಿಟ್ಟು ಬೆಳಿಗ್ಗೆ ಕಲಕಿ ನೋಡಿ. ಮೊದಲನೆಯದು ಸುಮಾರು ಮೈನಸ್ 6ರಲ್ಲಿ, ಎರಡನೆಯದು ಸುಮಾರು ಮೈನಸ್ 13ರಲ್ಲಿ ಮಂಜು ಕಟ್ಟಲು ತೊಡಗುತ್ತವೆ. ಎರಡರಲ್ಲೂ ಮಂಜಿದ್ದರೆ ಫ್ರೀಜರ್ ಸಾಕಷ್ಟು ತಣ್ಣಗಿದೆ, ಮತ್ತೆ ಅಳತೆಗೇ ಹೋಗಿ. ಮೊದಲನೆಯದರಲ್ಲಿ ಮಾತ್ರ ಇದ್ದರೆ ಐಸ್‌ಕ್ರೀಮ್ ಆಗುತ್ತದೆ, ಆದರೆ ಮೆತ್ತಗೆ, ತರಿಯಾಗಿ. ಎರಡೂ ನೀರಾಗೇ ಇದ್ದರೆ ಆ ಫ್ರೀಜರಿನಲ್ಲಿ ಐಸ್‌ಕ್ರೀಮಿನ ಆಸೆ ಬಿಡಿ.

ಮೆಕ್ಯಾನಿಕ್‌ನನ್ನು ಕರೆಯುವ ಮುನ್ನ: ತಿರುಗಣೆಯನ್ನು ಗರಿಷ್ಠಕ್ಕಿಟ್ಟು ಒಂದು ದಿನ ನೋಡಿ. ಬಾಗಿಲಿಗೂ ರಬ್ಬರಿಗೂ ನಡುವೆ ಒಂದು ನೋಟು ಸಿಕ್ಕಿಸಿ ಎಳೆಯಿರಿ, ಸಲೀಸಾಗಿ ಬಂದರೆ ರಬ್ಬರ್ ಸಡಿಲ. ಒಳಗೆ ಮಂಜು ಬೆರಳು ದಪ್ಪ ಕಟ್ಟಿದ್ದರೆ ಫ್ರಿಜ್ ಆರಿಸಿ ಕರಗಿಸಿ. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆರೆಯಲೇಬೇಡಿ. ಮಂಜಿನ ಹಿಂದೆಯೇ ಅನಿಲದ ಕೊಳವೆ ಇರುತ್ತದೆ, ಈಗಿನ ಎಷ್ಟೋ ಫ್ರಿಜ್‌ಗಳಲ್ಲಿ ಆರ್600ಎ ಎಂಬ ಉರಿಯುವ ಅನಿಲ ತುಂಬಿರುತ್ತಾರೆ. ಚುಚ್ಚಿ ಸುಯ್ಯೆಂದು ಸದ್ದು ಬಂದರೆ ಒಲೆ ಆರಿಸಿ, ಕಿಟಕಿ ಬಾಗಿಲು ತೆರೆದು, ಹತ್ತಿರದ ಸ್ವಿಚ್ಚುಗಳನ್ನು ಮುಟ್ಟದೆ ಹೊರಗೆ ಬನ್ನಿ. ಇಲ್ಲಿಂದ ಮುಂದಿನದು ಮೆಕ್ಯಾನಿಕ್ ಕೆಲಸ.

ಮಿಕ್ಸಿ ನಿಂತೇ ಹೋಯಿತು

ಐಸ್ ಟ್ರೇಯ ಗಡ್ಡೆಗಳನ್ನು ಫ್ರೀಜರಿನಿಂದ ತೆಗೆದ ಕೂಡಲೇ ತಿರುಗಿಸಿದರೆ ಹೀಗಾಗುತ್ತದೆ. ಐದು ನಿಮಿಷ ಹೊರಗಿಟ್ಟು, ಸ್ವಲ್ಪ ಸ್ವಲ್ಪವೇ ಹಾಕಿ, ತಿರುಗಿಸಿ ನಿಲ್ಲಿಸಿ ತಿರುಗಿಸಿ. ನಿಂತರೆ ಪ್ಲಗ್ ತೆಗೆದು, ಮೋಟಾರು ಆರಿದ ಮೇಲೆ, ತಳದಲ್ಲಿರುವ ಕೆಂಪು ಗುಂಡಿ ಒತ್ತಿ. ಸುಟ್ಟ ವಾಸನೆ ಬಂದಿದ್ದರೆ ಒತ್ತಬೇಡಿ, ರಿಪೇರಿಗೆ ಕೊಡಿ.

ಬಿಸಿ ಮಿಶ್ರಣವನ್ನು ಮುಚ್ಚಿದ ಜಾರಿನಲ್ಲಿ ತಿರುಗಿಸುವುದು ಇದಕ್ಕಿಂತ ಅಪಾಯ. ಹಬೆಗೆ ಮುಚ್ಚಳ ಹಾರಿ ಮುಖ ಕೈ ಬೇಯುತ್ತದೆ. ಉಗುರು ಬೆಚ್ಚಗಾದ ಮೇಲೆಯೇ ಜಾರಿಗೆ ಹಾಕಿ, ಮೂರನೇ ಒಂದು ಪಾಲು ಮೀರದಂತೆ.

ರುಚಿಯಲ್ಲಿ ಏನೋ ಎಡವಟ್ಟು

ಚಾಕೊಲೇಟ್ ರುಚಿ ಸಪ್ಪೆ ಎನಿಸಿದರೆ ಕೋಕೋ ಸುರಿಯುವ ಮುನ್ನ ಉಪ್ಪು ನೋಡಿ. ಚಳಿ ನಾಲಿಗೆಯನ್ನು ಮಂಕು ಮಾಡುತ್ತದೆ, ಬಿಸಿಯಿರುವಾಗ ಮಿಶ್ರಣ ಒಂದಿಷ್ಟು ಅತಿ ಸಿಹಿ ಎನಿಸಿದರೇ ಹೆಪ್ಪುಗಟ್ಟಿದ ಮೇಲೆ ಸರಿಯಾಗಿರುತ್ತದೆ. ಎರಡು ಚಮಚ ಗಟ್ಟಿ ಫಿಲ್ಟರ್ ಡಿಕಾಕ್ಷನ್ ಬೆರೆಸಿ. ಕಾಫಿ ಗೊತ್ತಾಗುವುದಿಲ್ಲ, ಚಾಕೊಲೇಟ್ ಎದ್ದು ಬರುತ್ತದೆ. ಚಿಕೋರಿ ಹೆಚ್ಚಿರುವ ಪುಡಿ ಬೇಡ.

ಒಗರು, ಹುಳಿ ಮುಂದಾಗಿದ್ದರೆ ಅದು ಸಾದಾ ಕೋಕೋದ ಗುಣ. ಕ್ಷಾರ ಹಾಕಿ ಸಂಸ್ಕರಿಸಿದ ಕೋಕೋ ಪೊಟ್ಟಣ ತಂದರೆ ಬಣ್ಣವೂ ಗಾಢ, ಹುಳಿಯೂ ಕಡಿಮೆ. ಹಸಿ ಹಸಿ, ಹಿಟ್ಟಿನಂಥ ರುಚಿಯಾದರೆ ಕಾಯಿಸಿದ್ದು ಸಾಲದು. ತಳ ಹಿಡಿದ ವಾಸನೆಗೆ ಮದ್ದಿಲ್ಲ, ಕೆರೆಯದೆ ಮೇಲಿನದನ್ನು ಬೇರೆ ಪಾತ್ರೆಗೆ ಬಗ್ಗಿಸಿಕೊಂಡರೆ ಕೆಲವೊಮ್ಮೆ ಬದುಕುತ್ತದೆ.

ಬೆಳ್ಳುಳ್ಳಿ, ಮಸಾಲೆ ವಾಸನೆ ಬಂತೇ? ಜಾರಿನ ಮುಚ್ಚಳದ ರಬ್ಬರ್ ತೆಗೆದು ಮೂಸಿ. ಜಿಡ್ಡಿನ ಮಿಶ್ರಣ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ, ಇದಕ್ಕೊಂದು ಬೇರೆ ರಬ್ಬರ್ ಇಟ್ಟುಕೊಳ್ಳುವುದು ಅಗ್ಗದ ಉಪಾಯ.

ಹಳೆ ಎಣ್ಣೆಯ ಕಮಟು ವಾಸನೆ ಗೋಡಂಬಿಯದ್ದೇ. ನೆನೆಸುವ ಮುಂಚೆ ಒಂದು ಬೀಜ ಅಗಿದು ನೋಡಿದ್ದರೆ ಗೊತ್ತಾಗುತ್ತಿತ್ತು. ಯಾವ ಪರಿಮಳವೂ ಅದನ್ನು ಮುಚ್ಚುವುದಿಲ್ಲ, ಚೆಲ್ಲಿ.

ತಿಂದ ಮೇಲೆ ತುಟಿ, ಬಾಯಿ ಉರಿದರೆ ಅದನ್ನು ರುಚಿಯ ದೋಷವೆಂದು ಬಿಡಬೇಡಿ. ಪುತ್ತೂರು, ಬಂಟ್ವಾಳದ ಕಡೆ ಅಡಿಕೆ ತೋಟದಲ್ಲೇ ಕೋಕೋ, ಗುಡ್ಡದಲ್ಲಿ ಗೇರು. ಅಲ್ಲಿಯ ಹಿರಿಯರಿಗೆ ಗೇರಿನ ಸಿಪ್ಪೆಯ ಎಣ್ಣೆ ಮೈಗೆ ತಾಗಿದರೆ ಬೊಬ್ಬೆ ಏಳುವುದು ಚೆನ್ನಾಗಿ ಗೊತ್ತು. ಮನೆಯಲ್ಲೇ ಸುಟ್ಟು ಒಡೆದ ಬೀಜದಲ್ಲಿ ಆ ಎಣ್ಣೆಯ ಕಪ್ಪು ಕಲೆ ಇದ್ದರೆ ಐಸ್‌ಕ್ರೀಮಿಗೆ ಬಳಸಬೇಡಿ.

ಕಲೆಯಿಲ್ಲದ ಅಂಗಡಿ ಗೋಡಂಬಿ ತಿಂದೂ ತುಟಿ ಊದಿದರೆ, ಮೈಮೇಲೆ ದದ್ದು ಎದ್ದರೆ, ವಾಂತಿಯಾದರೆ ಅದು ಅಲರ್ಜಿಯಿರಬಹುದು. ಉಸಿರು ಕಟ್ಟಿದಂತಾದರೆ, ಗಂಟಲು ಬಿಗಿದರೆ ಕಾಯುತ್ತ ಕೂರದೆ 108ಕ್ಕೆ ಕರೆಮಾಡಿ. ಗೋಡಂಬಿ ಆಗದವರಿಗೆ ಪಿಸ್ತಾ ಕೂಡ ಆಗದಿರುವುದು ಸಾಮಾನ್ಯ, ಅದನ್ನು ಬದಲಿಗೆ ಹಾಕಿ ಪ್ರಯೋಗ ಮಾಡಬೇಡಿ. ನೆಂಟರಿಗೆ ಬಡಿಸುವಾಗ ಇದರಲ್ಲಿ ಗೋಡಂಬಿಯಿದೆ ಎಂದು ಮೊದಲೇ ಹೇಳಿಬಿಡಿ, ನೋಡಿದರೆ ಗೊತ್ತಾಗುವಂಥದ್ದಲ್ಲ.

ಹಾಲು ಹಾಕಿಲ್ಲ, ಆದರೂ ಹಾಲು ಆಗದವರಿಗೆ ತೊಂದರೆಯಾಯಿತು

ಕರಗಿಸಿ ಹಾಕಿದ ಚಾಕೊಲೇಟಿನ ಹೊದಿಕೆ ಓದಿ. ಡಾರ್ಕ್ ಎಂದು ಬರೆದಿದ್ದರೂ ಹಾಲಿನ ಪುಡಿ ಇರಬಹುದು. ಹಸಿರು ಚುಕ್ಕೆ ಸಸ್ಯಾಹಾರಿ ಎಂದಷ್ಟೇ ಹೇಳುತ್ತದೆ, ಹಾಲು ಆ ಲೆಕ್ಕದಲ್ಲಿ ಸಸ್ಯಾಹಾರಿಯೇ. ವೀಗನ್, ಅಂದರೆ ಹಾಲೂ ಸೇರಿದಂತೆ ಪ್ರಾಣಿಮೂಲದ್ದೇನೂ ಇಲ್ಲದ ಆಹಾರಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ಬೇರೆಯೇ ನಿಯಮ ಮಾಡಿ ಪ್ರತ್ಯೇಕ ಗುರುತು ಕೊಟ್ಟಿದೆ, ಅದನ್ನು ಹುಡುಕಿ. ಹಾಲು ಜೀರ್ಣವಾಗದೆ ಹೊಟ್ಟೆ ಉಬ್ಬುವವರಿಗೆ ಒಂದು ಚೂರು ಬಿದ್ದರೂ ನಡೆದೀತು. ಹಾಲಿನ ಅಲರ್ಜಿ ಇರುವ ಮಗುವಿಗೆ ನಡೆಯದು. ಅಂಥಲ್ಲಿ ಚಾಕೊಲೇಟ್ ಗಟ್ಟಿ ಬಿಟ್ಟು ಬೇರೇನೂ ಬೆರೆಸದ ಕೋಕೋ ಪುಡಿಯಿಂದಲೇ ಮಾಡಿ. ಕುಡಿಯುವ ಚಾಕೊಲೇಟ್ ಪುಡಿ ಬೇಡ.

ಕರಗಿಹೋಗಿತ್ತು, ಮತ್ತೆ ಇಡಬಹುದೇ?

ಗೋಡಂಬಿ ಹಾಲು ಹಾಲಿನಷ್ಟೇ ಬೇಗ ಕೆಡುತ್ತದೆ. ಕಾಯಿಸಿದ ಮಿಶ್ರಣ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ಏಪ್ರಿಲ್ ಮೇ ಸೆಕೆಯಲ್ಲಿ ಇನ್ನೂ ಬೇಗ, ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಕಲಕಿದರೆ ಬೇಗ ಆರುತ್ತದೆ. ಗೋಡಂಬಿ ನೆನೆಸುವುದೂ ರಾತ್ರಿಯಿಡೀ ಆದರೆ ಫ್ರಿಜ್‌ನಲ್ಲೇ.

ಕರೆಂಟು ಹೋಗಿ ಅಂಚು ಮಾತ್ರ ಮೆತ್ತಗಾಗಿ ನಡುವೆ ಇನ್ನೂ ಗಟ್ಟಿಯಿದ್ದರೆ ಮತ್ತೆ ಇಡಿ, ತರಿಯಾಗುತ್ತದೆ ಅಷ್ಟೆ. ಪೂರ್ತಿ ಕರಗಿ ಬೆಚ್ಚಗಾಗಿದ್ದರೆ, ಎಷ್ಟು ಹೊತ್ತಿಂದ ಹಾಗಿತ್ತೆಂದು ಗೊತ್ತಿಲ್ಲದಿದ್ದರೆ, ಹುಳಿ ವಾಸನೆ ಅಥವಾ ಗುಳ್ಳೆ ಕಂಡರೆ ಚೆಲ್ಲಿಬಿಡಿ. ಫ್ರೀಜರಿಗೆ ಹಾಕಿದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಬೆಳೆಯುವುದನ್ನು ನಿಲ್ಲಿಸುತ್ತದೆ, ಅಷ್ಟೆ. ರುಚಿ ನೋಡಿ ತೀರ್ಮಾನಿಸುತ್ತೇನೆ ಎನ್ನಬೇಡಿ, ಹೊಟ್ಟೆ ಕೆಡಿಸುವಷ್ಟು ಕೆಟ್ಟದ್ದೆಲ್ಲ ರುಚಿಯಲ್ಲಿ ಗೊತ್ತಾಗುವುದಿಲ್ಲ.